ತವರಿನ ಪಾಲು, ಗಡಿಯ ಸೊಸೆ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವವರು ಮಡಕಶಿರ, ಪಾವಗಡದ ಹಾದಿ ಹಿಡಿದರೆ ಒಂದೇ ಪಯಣದಲ್ಲಿ ಎರಡು ಬಾರಿ ರಾಜ್ಯದ ಗಡಿ ದಾಟಬೇಕಾಗುತ್ತದೆ. ಹೊರಟದ್ದು ಆಂಧ್ರ, ನಡುವೆ ಸಿಗುವ ಪಾವಗಡ ಕರ್ನಾಟಕದ ತುಮಕೂರು ಜಿಲ್ಲೆಗೆ ಸೇರಿದ್ದು, ಮುಟ್ಟುವುದು ಪುನಃ ಆಂಧ್ರ. ಅಂಗಡಿಗಳ ಬೋರ್ಡಿನ ಅಕ್ಷರ ಬದಲಾಗುತ್ತದೆ ಎಂಬುದನ್ನು ಬಿಟ್ಟರೆ ಕಣ್ಣಿಗೆ ಬೇರೆ ವ್ಯತ್ಯಾಸ ಕಾಣದು. ಅದೇ ಕೆಂಪು ನೆಲ, ಅದೇ ಬಂಡೆಗುಡ್ಡ, ಅದೇ ನೆಲಗಡಲೆಯ ಹೊಲ, ಅದೇ ಹುಣಿಸೆಮರ.

ಈ ಹಾದಿಯಲ್ಲಿ ನಾವು ಹೋದಾಗ ಎದುರಿನ ಸೀಟಿನಲ್ಲಿದ್ದ ತಾಯಿಯೊಬ್ಬಳು ಮೂಟೆಯ ಲಗೇಜಿನ ವಿಷಯದಲ್ಲಿ ಕಂಡಕ್ಟರನೊಡನೆ ತೆಲುಗಿನಲ್ಲಿ ವಾದ ಮಾಡಿ, ಮಡಿಲಲ್ಲಿದ್ದ ಮಗುವನ್ನು ಕನ್ನಡದಲ್ಲಿ ಗದರಿ, ಪಕ್ಕದಲ್ಲಿದ್ದ ಅತ್ತೆಗೆ ಎರಡನ್ನೂ ಬೆರೆಸಿ ಉತ್ತರ ಕೊಟ್ಟಳು. ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಜೊತೆಗಿದ್ದ ಗಂಡ ಮಾತ್ರ ಪಯಣದುದ್ದಕ್ಕೂ ಒಂದೇ ಭಾಷೆಯಲ್ಲಿ ಆರಾಮವಾಗಿದ್ದ.

ನಮಗೆ ಇದು ಹೊಸ ದೃಶ್ಯವಲ್ಲ. ಕುಂಬಳೆ, ಮಂಜೇಶ್ವರ, ಬದಿಯಡ್ಕದ ಬಸ್ಸುಗಳಲ್ಲಿ ನಮ್ಮ ಅಕ್ಕತಂಗಿಯರು ಮಾಡುವುದೂ ಇದನ್ನೇ. ಪೇಟೆಯಲ್ಲಿ ಮಲಯಾಳ, ನೆರೆಮನೆಯಲ್ಲಿ ತುಳು, ಮಗುವಿನ ಪಾಠಕ್ಕೆ ಕನ್ನಡ. ಗಂಡಸರಾದ ನಾವು ಸಭೆ ಸೇರಿ ಭಾಷೆಯನ್ನು ಉಳಿಸಬೇಕೆಂದು ಠರಾವು ಮಾಡುತ್ತೇವೆ. ಉಳಿಸುವ ಕೆಲಸ ಮಾತ್ರ ಸಂಜೆಯ ಹೊತ್ತು ಅಡಿಗೆಮನೆಯ ಬಾಗಿಲಲ್ಲಿ ಕೂತು ಕಾಗುಣಿತ ತಿದ್ದಿಸುವ ತಾಯಿಯದು. ತಾಯ್ನುಡಿ ಎಂಬ ಹೆಸರನ್ನೂ ಕೊಟ್ಟು ಹೊಣೆಯನ್ನೂ ಅವಳ ತಲೆಗೇ ಕಟ್ಟಿದ ಈ ಏರ್ಪಾಡಿನಲ್ಲಿ ಅವಳಿಗೆ ಸಂದ ಪಾಲೆಷ್ಟು? ಭಾಷಾ ಅಲ್ಪಸಂಖ್ಯಾತರೆಂದು ನಮ್ಮ ಪಾಲನ್ನು ತಿರುವನಂತಪುರದಲ್ಲಿ ಕೇಳುತ್ತ ಬಂದಿರುವ ನಾವು ಮನೆಯೊಳಗೆ ಈ ಪ್ರಶ್ನೆಯನ್ನು ಕೇಳಿಕೊಂಡದ್ದು ಕಡಿಮೆ. ನಮ್ಮಂತೆಯೇ ಗಡಿಯಲ್ಲಿ ಬದುಕುವ ಆ ಕಡೆಯ ಜನರ ಸಂಸಾರವನ್ನು ನೋಡಿದರೆ ನಮ್ಮದೂ ಸ್ವಲ್ಪ ನಿಚ್ಚಳವಾಗಿ ಕಾಣುತ್ತದೆ.

ಹಿಂದೂಪುರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಲ್ಯಾಣದುರ್ಗ ಹಳೆಯ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯನ್ನು ಓದುಗರಲ್ಲಿ ಹಲವರು ನೋಡಿರಬಹುದು. 16ನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಎಂಬ ಅಧಿಕಾರಿ ಕಟ್ಟಿಸಿದ ವೀರಭದ್ರ ದೇವಾಲಯ ಅದು. ಅಲ್ಲಿ ಕನ್ನಡದ ಶಾಸನಗಳಿವೆ. ಶಿವಪಾರ್ವತಿಯರ ವಿವಾಹಕ್ಕೆಂದು ಎತ್ತಿದ ಕಲ್ಯಾಣಮಂಟಪ ಚಾವಣಿ ಕಾಣದೆ ಬರಿಯ ಕಂಬಗಳಾಗಿ ನಿಂತಿದೆ. ಅರಸನ ಬೊಕ್ಕಸದ ಹಣ ಸುರಿದನೆಂಬ ಆಪಾದನೆ ವಿರೂಪಣ್ಣನ ಮೇಲೆ ಬಂದು ಕೆಲಸ ನಿಂತಿತೆಂದು ಸ್ಥಳದವರು ಹೇಳುವ ಐತಿಹ್ಯ. ದೇವರ ಮದುವೆಗೇ ಖರ್ಚಿನ ಲೆಕ್ಕ ಅಡ್ಡ ಬಂತೆಂದ ಮೇಲೆ ಮನುಷ್ಯರ ಮದುವೆಯ ಮಾತು ಹೇಳುವುದೇನು!

ಆ ಸೀಮೆಯ ಮದುವೆಯಲ್ಲಿ ನಮ್ಮವರಿಗೆ ಮೊದಲು ವಿಚಿತ್ರವೆನಿಸುವುದು ಸೋದರಮಾವನ ಸ್ಥಾನ. ರಾಯಲಸೀಮೆಯಲ್ಲೂ ಹಳೆ ಮೈಸೂರಿನ ಕಡೆಯೂ ಅನೇಕ ಜಾತಿಗಳಲ್ಲಿ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ವಾಡಿಕೆ. 1955ರ ಹಿಂದೂ ವಿವಾಹ ಕಾನೂನು ಕೂಡ ರೂಢಿಯಿದ್ದಲ್ಲಿ ಇಂಥ ಸಂಬಂಧಕ್ಕೆ ಅವಕಾಶ ಇಟ್ಟಿದೆ. ಕನ್ನಡದಲ್ಲೂ ತೆಲುಗಿನಲ್ಲೂ ಗಂಡನ ತಂದೆ ಮಾವನೇ, ತಾಯಿಯ ತಮ್ಮನೂ ಮಾವನೇ. ಅತ್ತೆ ಎಂಬ ಮಾತಿನ ಕತೆಯೂ ಅಷ್ಟೆ. ಮದುವೆಯ ಪದ್ಧತಿ ಮಾತಿನೊಳಗೇ ಕೂತಿದೆ.

ನಮ್ಮಲ್ಲಿ ಅಳಿಯಸಂತಾನದ ಮನೆಗಳವರಿಗೆ ಇದನ್ನು ಕೇಳಿದರೇ ಮೈ ಜುಮ್ಮೆನ್ನುತ್ತದೆ. ಅಲ್ಲಿ ಸೋದರಮಾವ ಅಂದರೆ ತರವಾಡಿನ ಯಜಮಾನ, ಮಲಯಾಳದವರ ಕಾರಣವರ್. ಅವನೂ ಅಕ್ಕನ ಮಗಳೂ ಒಂದೇ ಬಳಿಯವರು. ಮದುವೆಯ ಸೊಲ್ಲೇ ಇಲ್ಲ. ಆಸ್ತಿ ಇಳಿಯುವುದು ಹೆಣ್ಣಿನ ಸಂತಾನದಲ್ಲಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯಳು ಹೆಂಗಸಾದರೆ ಅವಳೇ ಯಜಮಾನಿ ಆಗುವುದಕ್ಕೂ ಪದ್ಧತಿಯಲ್ಲಿ ಎಡೆಯಿತ್ತು. ಒಂದೇ ದ್ರಾವಿಡ ಕುಲದ ಭಾಷೆಗಳನ್ನಾಡುವ ಎರಡು ಊರುಗಳಲ್ಲಿ ಒಬ್ಬನೇ ಮಾವ ಒಂದು ಕಡೆ ವರ, ಇನ್ನೊಂದು ಕಡೆ ತಂದೆಯ ಸ್ಥಾನದವನು! ‘ಇದು ನಮ್ಮ ಸನಾತನ ಕ್ರಮ, ಹೆಣ್ಣಿನ ಧರ್ಮ ಇಷ್ಟೇ’ ಎಂದು ಮೀಸೆ ತಿರುವುವ ಹಿರಿಯರು ಹಿಂದೂಪುರದ ಬಸ್ಸನ್ನು ಒಮ್ಮೆ ಹತ್ತಿ ಬರುವುದು ಒಳ್ಳೆಯದು.

ಹಣದ ಮಾತೂ ಹೀಗೆಯೇ. ಹಿಂದಿನ ಕಾಲದಲ್ಲಿ ಆ ಬಯಲುಸೀಮೆಯ ಒಕ್ಕಲು ಮನೆತನಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಹೆಣ್ಣು ಹೊಲದಲ್ಲಿ ದುಡಿಯುವವಳು. ಅವಳನ್ನು ಕಳಿಸಿಕೊಟ್ಟ ಮನೆಗೆ ನಷ್ಟವೆಂಬುದು ಲೆಕ್ಕ. ಎಂ.ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ ಮೈಸೂರಿನ ಮದುವೆ ಮತ್ತು ಕುಟುಂಬದ ಕುರಿತ ಇಂಗ್ಲಿಷ್ ಗ್ರಂಥದಲ್ಲಿ ಈ ಸಂಪ್ರದಾಯಗಳ ವಿವರವಿದೆ. ಅದೇ ಶ್ರೀನಿವಾಸರು 1984ರಲ್ಲಿ ವರದಕ್ಷಿಣೆಯನ್ನು ಕುರಿತು ಬರೆಯಬೇಕಾಗಿ ಬಂತು. ಸಂಬಳದ ಕೆಲಸವಿರುವ ವರನ ಬೆಲೆ ಏರಿದಂತೆ ಮೇಲಿನ ಜಾತಿಗಳಿಂದ ಕೆಳಕ್ಕೆ ಹಬ್ಬಿದ ಹೊಸ ಕಾಲದ ಪಿಡುಗು ಇದು, ಹಳೆಯ ಸ್ತ್ರೀಧನವಲ್ಲ ಎಂದು ಅವರು ತೋರಿಸಿದರು. ನಲವತ್ತು ವರ್ಷಗಳೊಳಗೆ ಹಣ ಹರಿಯುವ ದಿಕ್ಕೇ ತಿರುಗಿಬಿಟ್ಟಿತು. ನಡುವೆ 1961ರಲ್ಲಿ ಬಂದ ವರದಕ್ಷಿಣೆ ನಿಷೇಧ ಕಾನೂನು ಆ ಹರಿವಿಗೆ ಕಟ್ಟೆಯಾಗಲಿಲ್ಲ.

ತೆರವೂ ನಿರಪಾಯವಾಗಿರಲಿಲ್ಲವೆನ್ನಿ. ಬ್ರಾಹ್ಮಣರಲ್ಲಿ ಎಳೆಯ ಹುಡುಗಿಯರನ್ನು ಮುದುಕರಿಗೆ ಹಣಕ್ಕಾಗಿ ಕೊಡುವ ಕನ್ಯಾವಿಕ್ರಯವನ್ನು ಮೊದಲು ರಂಗಕ್ಕೆ ತಂದವರು ನಮ್ಮ ಭಾಷೆಯವರೇ. ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ 1887ರದ್ದು, ಕನ್ನಡದ ಮೊದಲ ಸಾಮಾಜಿಕ ನಾಟಕ, ಅದೂ ಹವ್ಯಕರ ಮನೆಮಾತಿನಲ್ಲಿ. ನಮ್ಮ ಕಡೆಯ ಹವ್ಯಕ ಬಂಧುಗಳು ಇಂದಿಗೂ ಓದಿ ನಗಬಲ್ಲರು. ನಗು ಮುಗಿದ ಮೇಲೆ ಸುಮ್ಮನಾಗುವರು. ಗುರಜಾಡ ಅಪ್ಪಾರಾಯರ ತೆಲುಗು ‘ಕನ್ಯಾಶುಲ್ಕಂ’ ಮೊದಲು ಆಡಿದ್ದು 1892ರಲ್ಲಿ. ಉತ್ತರ ಕನ್ನಡದ ಶಾಸ್ತ್ರಿಗಳೂ ವಿಜಯನಗರಂನ ಅಪ್ಪಾರಾಯರೂ ಐದು ವರ್ಷಗಳ ಅಂತರದಲ್ಲಿ ಒಂದೇ ಹುಣ್ಣಿನ ಮೇಲೆ ಕೈಯಿಟ್ಟರು.

ಆ ನಾಟಕಗಳ ಹುಡುಗಿಯರ ಪಾತ್ರವನ್ನು ಗಂಡಸರೇ ಸೀರೆಯುಟ್ಟು ಆಡುವುದು ಆಗಿನ ರೀತಿ. ಹೆಣ್ಣಿನ ಗೋಳನ್ನು ಹೇಳುವ ವೇಷದಲ್ಲೂ ಹೆಣ್ಣಿಗೆ ಪಾಲಿಲ್ಲ! ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ಬಳ್ಳಾರಿ ರಾಘವರು. ಅವರು ಹುಟ್ಟಿದ್ದು 1880ರಲ್ಲಿ, ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದು ಮುಂದೆ ಅನಂತಪುರ ಜಿಲ್ಲೆಗೆ ಸೇರಿದ ತಾಡಿಪತ್ರಿಯಲ್ಲಿ. ಬಳ್ಳಾರಿಯಲ್ಲಿ ವಕೀಲಿ ಮಾಡುತ್ತ ತೆಲುಗು, ಕನ್ನಡ, ಇಂಗ್ಲಿಷ್ ರಂಗಗಳಲ್ಲಿ ಹೆಸರು ಗಳಿಸಿದವರು. ಸ್ತ್ರೀಪಾತ್ರವನ್ನು ಸ್ತ್ರೀಯೇ ಮಾಡಬೇಕೆಂದು ಹಟ ಹಿಡಿದು, ಓದಿದ ಮನೆಯ ಹೆಂಗಸರನ್ನು ರಂಗಕ್ಕೆ ಕರೆತಂದು, ಅದಕ್ಕಾಗಿ ಬೈಸಿಕೊಂಡರು. ನಮ್ಮ ಯಕ್ಷಗಾನದಲ್ಲಿ ಆ ಕಾಲ ಬರಲು ಬಹಳ ತಡವಾಯಿತು. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದ ಮೊದಲ ಮಹಿಳಾ ಭಾಗವತರೆನಿಸಿ 2024ರಲ್ಲಿ ತೀರಿಕೊಂಡರು. ರಾತ್ರಿಯಿಡೀ ಗಂಡಸರನ್ನು ಕುಣಿಸುವ ಜಾಗಟೆ ಒಬ್ಬ ಗೃಹಿಣಿಯ ಕೈಗೆ ಬಂದದ್ದು ಸಣ್ಣ ಮಾತಲ್ಲ.

ಇನ್ನು ನೆಲದ ಪಾಲಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ನಮ್ಮ ಮನೆಗಳಲ್ಲಿ ಈ ಮಾತು ಹಬ್ಬದ ದಿನ ಎತ್ತಬಾರದ ಮಾತಾಗಿ ಉಳಿದಿದೆ.

1956ರ ಹಿಂದೂ ಉತ್ತರಾಧಿಕಾರ ಕಾನೂನು, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಸಂಪಾದನೆಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಪಿತ್ರಾರ್ಜಿತವಾದ ಕೂಡುಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಗಂಡುಮಕ್ಕಳದ್ದಾಗಿಯೇ ಉಳಿಯಿತು. ಇದನ್ನು ಬದಲಿಸಿ ಮಗಳನ್ನೂ ಮಗನಂತೆ ಪಾಲುದಾರಳನ್ನಾಗಿ ಮಾಡುವಲ್ಲಿ ದೇಶಕ್ಕೇ ಮೊದಲಿಗನಾದದ್ದು ಆಂಧ್ರ. 1986ರಲ್ಲಿ ಮಾಡಿದ ಈ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದಲೇ ಜಾರಿಗೆ ಬಂತು. ಆಗ ಮುಖ್ಯಮಂತ್ರಿ ಎನ್.ಟಿ. ರಾಮರಾಯರು, ಅವರು ವಿಧಾನಸಭೆಯಲ್ಲಿ ಪ್ರತಿನಿಧಿಸುತ್ತಿದ್ದ ಕ್ಷೇತ್ರ ಇದೇ ಹಿಂದೂಪುರ. (ಅವರ ಬಳಿಕ ಆ ಕ್ಷೇತ್ರ ಒಮ್ಮೆ ಒಬ್ಬ ಮಗನಿಗೆ, 2014ರಿಂದ ಇನ್ನೊಬ್ಬ ಮಗನಿಗೆ ದಕ್ಕಿತು. ಚುನಾವಣೆಯ ಸೀಟು ಪಿತ್ರಾರ್ಜಿತದ ಲೆಕ್ಕಕ್ಕೆ ಬಾರದೆಂದು ತೋರುತ್ತದೆ.)

ಆದರೆ ಆ ಕಾನೂನಿಗೊಂದು ಹೊಸ್ತಿಲಿತ್ತು. ಅದು ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅನ್ವಯವಾಗುತ್ತಿರಲಿಲ್ಲ. 1985ರ ಬೇಸಗೆಯಲ್ಲಿ ಧಾರೆಯೆರೆಸಿಕೊಂಡ ಅಕ್ಕ ಹೊರಗೆ, ಮರುವರ್ಷ ಮದುವೆಯಾದ ತಂಗಿ ಒಳಗೆ. ಮತ್ತೂ ಒಂದು ವಿಚಿತ್ರ. ಕರ್ನಾಟಕ ಇಂಥದೇ ತಿದ್ದುಪಡಿ ತಂದದ್ದು 1994ರ ಜುಲೈ 30ರಿಂದ. ನಡುವಿನ ಸುಮಾರು ಒಂಬತ್ತು ವರ್ಷ ಮಡಕಶಿರದ ಹೊಲದಲ್ಲಿ ಮಗಳಿಗೆ ಪಾಲಿತ್ತು, ಬದಿಯ ಪಾವಗಡದ ಹೊಲದಲ್ಲಿ ಇರಲಿಲ್ಲ. ಎರಡೂ ಕಡೆ ಕನ್ನಡ ಮನೆಮಾತಿನವರಿದ್ದಾರೆ, ಬೀಳುವ ಮಳೆಯೂ ಒಂದೇ. ಭಾಷಾವಾರು ರಾಜ್ಯದ ಗೆರೆ ನಮ್ಮ ಶಾಲೆ ಕಚೇರಿಗಳನ್ನು ಕೆಡಿಸಿತೆಂದು ನಾವು ಹೇಳಿಕೊಳ್ಳುತ್ತೇವೆ. ಆ ಗೆರೆ ಎಷ್ಟೋ ಹೆಣ್ಣುಮಕ್ಕಳ ಹಣೆಬರಹವನ್ನು ತಿದ್ದಿದ್ದೂ ಉಂಟು.

ಕೇರಳ ಹಿಡಿದ ದಾರಿಯೇ ಬೇರೆ. ಇಲ್ಲಿನ ಸರಕಾರ 1975ರ ಕಾನೂನಿನ ಮೂಲಕ ಹಿಂದೂ ಕೂಡುಕುಟುಂಬವನ್ನೇ ರದ್ದು ಮಾಡಿತು. 1976ರ ಡಿಸೆಂಬರ್ 1ರಂದು ಕುಟುಂಬದಲ್ಲಿ ಯಾರಿಗೆ ಹಕ್ಕಿತ್ತೋ ಅವರವರ ಪಾಲು ಅವರವರದ್ದಾಯಿತು. ಅಳಿಯಸಂತಾನದ ಮನೆಗಳಲ್ಲಿ ಹೆಂಗಸರು ಮೊದಲೇ ಹಕ್ಕುದಾರರು. ಅವರಿಗೆ ಪಾಲು ಬಂತು. ಮಕ್ಕಳಸಂತಾನದ ಮನೆಗಳಲ್ಲಿ ಆ ದಿನ ಹಕ್ಕಿದ್ದವರು ಗಂಡಸರು. ಮಗಳು ನೋಡುತ್ತ ನಿಂತಳು. ಬಹಳ ಸುಧಾರಣೆಯೆಂದು ಹೊಗಳಿಸಿಕೊಂಡ ಕಾನೂನು ಒಂದೇ ಗ್ರಾಮದ ಎರಡು ಮನೆಗಳ ಹೆಣ್ಣುಮಕ್ಕಳಿಗೆ ಎರಡು ನ್ಯಾಯ ಹೇಳಿತು.

2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವಳು, ಆಗದವಳು ಎಂಬ ಭೇದವನ್ನು ತೆಗೆದುಹಾಕಿತು. ತಂದೆ ಆ ದಿನ ಬದುಕಿರಬೇಕಿತ್ತೇ ಇಲ್ಲವೇ ಎಂಬ ಜಗಳ ಕೋರ್ಟುಗಳಲ್ಲಿ ಹದಿನೈದು ವರ್ಷ ಎಳೆದಾಡಿತು. ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮವಾಗಿ ನೋಂದಣಿಯಾದ ಅಥವಾ ಕೋರ್ಟಿನಲ್ಲಿ ತೀರ್ಮಾನವಾದ ಪಾಲುಪಟ್ಟಿಗಳನ್ನು ಮಾತ್ರ ಮುಟ್ಟುವಂತಿಲ್ಲ. ಕೇರಳದ 1975ರ ಕಾನೂನು ಈ ಕೇಂದ್ರ ತಿದ್ದುಪಡಿಯೆದುರು ನಿಲ್ಲಲಾರದೆಂದು ಕೇರಳ ಹೈಕೋರ್ಟಿನ ತೀರ್ಪು ಬಂದದ್ದು 2025ರ ಜುಲೈಯಲ್ಲಿ. ಹಿಂದೂಪುರದ ಮಗಳು 1985ರಲ್ಲಿ ಕಂಡ ಬಾಗಿಲ ಹತ್ತಿರಕ್ಕೆ ನಮ್ಮ ಮಗಳು ಬಂದದ್ದು ನಲವತ್ತು ವರ್ಷ ಕಳೆದ ಮೇಲೆ.

ಮುಸ್ಲಿಂ ಸೋದರಿಯರ ಕಾನೂನು ಬೇರೆ. ಆದರೆ ತಂದೆಯ ಹಟಕ್ಕೂ ಗಂಡನ ಮನೆಗೂ ನಡುವೆ ಸಿಕ್ಕ ಹುಡುಗಿಯ ಪಾಡು ಬೇರೆಯಲ್ಲವೆಂಬುದನ್ನು ನಮ್ಮ ಊರಿನವರೇ ಆದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ಮೂಲಕ ಹೇಳಿದರು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ಅವರು 2023ರ ಜನವರಿಯಲ್ಲಿ ನಿಧನರಾದರು. ಮನೆಯೊಳಗಿನ ಮಾತನ್ನು ಹೊರಗೆ ಹೇಳಿದಳೆಂದು ಅವರನ್ನು ದೂರಿದವರಿದ್ದರು. ಹಿಂದೂ ಮನೆಗಳವರು ಆ ಪುಸ್ತಕವನ್ನು ಪರರ ಕತೆಯೆಂದು ಓದಿ ಮೆಚ್ಚಿದರು. ಅದೇ ನಮ್ಮ ಅನುಮಾನಕ್ಕೆ ಕಾರಣ.

ಕಾನೂನು ಬಂದಲ್ಲಿ ಪಾಲು ಬಂತೇ? ಆಂಧ್ರದ ಗಡಿಯಲ್ಲೂ ಬಹುಪಾಲು ಮನೆಗಳಲ್ಲಿ ನಡೆಯುವುದು ನಮ್ಮಲ್ಲಿ ನಡೆಯುವುದೇ. ಮದುವೆಗೆ ಖರ್ಚು ಮಾಡಿದ್ದೇ ಪಾಲು, ವರ್ಷಕ್ಕೊಮ್ಮೆ ಕೊಡುವ ಸೀರೆ ಅರಿಶಿನ ಕುಂಕುಮವೇ ಬಡ್ಡಿ. ಮಗಳು ಅಣ್ಣತಮ್ಮಂದಿರಿಗೆ ಬಿಡುಗಡೆ ಪತ್ರ ಬರೆದುಕೊಟ್ಟರೆ ಒಳ್ಳೆಯವಳು, ಕೇಳಿದರೆ ಗಂಡನ ಮಾತು ಕೇಳಿ ಕೆಟ್ಟವಳು. ಅವಳು ಹೆದರುವುದು ನೆಲ ಹೋದೀತೆಂದಲ್ಲ, ತವರಿನ ಬಾಗಿಲು ಮುಚ್ಚೀತೆಂದು. ಬಾಣಂತನಕ್ಕೆ, ಜಗಳಕ್ಕೆ, ಗಂಡ ಹೋದ ಮೇಲಿನ ದಿನಗಳಿಗೆ ಅವಳಿಗಿರುವುದು ಅದೊಂದೇ ಬಾಗಿಲು. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡಿದ ತವರಿನ ಪದಗಳಲ್ಲಿ ಅಣ್ಣನ ಮನೆ ತಣ್ಣಗಿರಲೆಂಬ ಹರಕೆಯೇ ಹೆಚ್ಚು, ಪಾಲಿನ ಮಾತು ಅಪರೂಪ. ಪಂಡಿತರು ಅದನ್ನು ತ್ಯಾಗವೆಂದು ಬಣ್ಣಿಸುತ್ತಾರೆ. ನಮಗೆ ಅದರಲ್ಲಿ ಭಯವೂ ಕೇಳಿಸುತ್ತದೆ.

ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 17ನೆಯ ಶತಮಾನದ ಕೊನೆಗೆ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆ ಹೇಗಿರಬೇಕೆಂಬ ಉಪದೇಶವೇ ಅದರಲ್ಲಿ ಹೆಚ್ಚು. ನಡುವೆ ಥಟ್ಟನೆ, ಹೆತ್ತವಳೂ ಹೆಣ್ಣಾಗಿರುವಾಗ ಹೆಣ್ಣುಮಗುವನ್ನು ಯಾಕೆ ಹಳಿಯುತ್ತೀರಿ ಎಂದು ಕೇಳುತ್ತಾಳೆ. ಮುನ್ನೂರು ವರ್ಷಗಳಿಂದ ಆ ಒಂದು ಮಾತನ್ನು ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ, ಮಿಕ್ಕ ಉಪದೇಶವನ್ನು ಸೊಸೆಯಂದಿರಿಗೆ ಹೇಳುತ್ತೇವೆ.

ಕಲ್ಯಾಣದುರ್ಗದ ಕಡೆ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ನಮ್ಮಲ್ಲಿ ಆಟಿ ತಿಂಗಳು ಮುಗಿಯುವುದರೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಸುರಿದಿರುತ್ತದೆ. ಆ ಒಣನೆಲದಲ್ಲಿ ನೆಲಗಡಲೆಯೇ ಮುಖ್ಯ ಬೆಳೆ. ಕೂರಿಗೆಯ ಹಿಂದೆ ಬೀಜ ಬಿಡುವವರು, ಕಳೆ ಕೀಳುವವರು, ಕಿತ್ತ ಬಳ್ಳಿಯಿಂದ ಕಾಯಿ ಬಿಡಿಸುವವರು ಹೆಂಗಸರು. ಹಿಂದೂಪುರದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿದೆ. ಅಲ್ಲಿಗೆ ಗೂಡು ತಲುಪುವ ಮೊದಲು ಹಗಲಿರುಳೆನ್ನದೆ ಹುಳುವಿಗೆ ಸೊಪ್ಪು ಹಾಕಿದ್ದು ಮನೆಯೊಡತಿ. ಮಾರುಕಟ್ಟೆಯಲ್ಲಿ ಹಣ ಎಣಿಸುವವನು ಮನೆಯೊಡೆಯ. ನಮ್ಮ ಬೀಡಿ ಕಟ್ಟುವ ಮನೆಗಳವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬರ ಬಿದ್ದಾಗ ಗಂಡಸರು ಬೆಂಗಳೂರಿನ ಹಾದಿ ಹಿಡಿಯುತ್ತಾರೆ. ಹೊಲ, ಮುದುಕರು, ದನ ಎಲ್ಲವೂ ಅವಳ ಮೇಲೆ. ಪಟ್ಟಾ ಪಾಸ್‌ಬುಕ್ಕಿನಲ್ಲಿ ಹೆಸರು ಗಂಡನದೋ ಮಾವನದೋ ಆಗಿದ್ದರೆ ಬ್ಯಾಂಕಿನ ಸಾಲಕ್ಕೂ ಬೆಳೆನಷ್ಟದ ಪರಿಹಾರಕ್ಕೂ ಅವನು ಊರಿಗೆ ಬಂದೇ ಆಗಬೇಕು.

ಇದಕ್ಕೆ ಹೊರತಾದ ಒಂದು ಕೆಲಸವೂ ಅಲ್ಲಿ ಕಂಡುಬರುತ್ತದೆ. ಸ್ಪೇನ್ ದೇಶದಿಂದ ಬಂದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಆರಂಭಿಸಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಬಡವರಿಗೆ ಕಟ್ಟಿಕೊಡುವ ಮನೆಗಳನ್ನು ಹೆಂಗಸಿನ ಹೆಸರಿಗೇ ಬರೆಯಿಸುವ ಪದ್ಧತಿ ಇಟ್ಟುಕೊಂಡಿತು. ಕಲ್ಯಾಣದುರ್ಗದಲ್ಲಿ ಅದರ ಆಸ್ಪತ್ರೆಯೂ ಇದೆ. ಕುಡಿದು ಬಂದವನು ‘ಹೊರಗೆ ನಡಿ’ ಎಂದರೆ ‘ಮನೆ ನನ್ನದು’ ಎನ್ನಲು ಒಂದು ಕಾಗದ ಅವಳ ಟ್ರಂಕಿನಲ್ಲಿರುತ್ತದೆ.

ಕಾಗದದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಮಡಕಶಿರದ ಕಡೆ ಕನ್ನಡ ಶಾಲೆಯಲ್ಲಿ ಓದಿ ತುಮಕೂರಿನ ಕಡೆಗೆ ಮದುವೆಯಾಗಿ ಹೋದ ಹುಡುಗಿ ತವರಿನ ಆಸ್ತಿಯ ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದಾಗ ಅವಳ ಮುಂದಿಡುವ ಕಾಗದ ತೆಲುಗಿನದು. ಕನ್ನಡಕ್ಕೂ ತೆಲುಗಿಗೂ ಲಿಪಿ ಅಕ್ಕತಂಗಿಯರಂತೆ. ತಲೆಕಟ್ಟಿನ ವ್ಯತ್ಯಾಸ ದಾಟಿಕೊಂಡು ಅವಳು ಅರ್ಧವಾದರೂ ಓದಿಯಾಳು. ನಮ್ಮ ಮನೆಯ ಹುಡುಗಿ ಕನ್ನಡ ಶಾಲೆಯಲ್ಲಿ ಓದಿ, ಪುತ್ತೂರಿಗೋ ಮಂಗಳೂರಿಗೋ ಮದುವೆಯಾಗಿ ಹೋಗಿ, ಹತ್ತು ವರ್ಷದ ಮೇಲೆ ಒಂದು ದಿನ ಬಂದು ಮಲಯಾಳದ ಕಾಗದದ ಮುಂದೆ ಕೂತರೆ ಅವಳಿಗೆ ಅಷ್ಟೂ ದಕ್ಕದು. ಅದನ್ನು ಓದಿ ಹೇಳುವವನು ಹೆಚ್ಚಾಗಿ ಪಾಲು ಪಡೆಯುವ ಅಣ್ಣನೇ. ಸಹಿಗೆ ನಾಲ್ಕು ದಿನ ಮುಂಚೆ ಕಾಗದದ ನಕಲನ್ನು ತರಿಸಿಕೊಂಡು, ಮಲಯಾಳ ಬಲ್ಲ ಬೇರೊಬ್ಬರಿಂದ ಕನ್ನಡದಲ್ಲಿ ಬರೆಯಿಸಿ ಓದಿಕೊಳ್ಳುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.